ಅಮೆರಿಕದ ಯೂನಿವರ್ಸಿಟಿಯ ‘ಏಷ್ಯನ್’ ಲೆಕ್ಕದಲ್ಲಿ ನನ್ನ ಮಗಳು ಬರ್ತಾಳಾ?

ಓದುಗರ ಪ್ರಶ್ನೆ: ನಮ್ಮದು ದಾವಣಗೆರೆ, ಮಂಡಿಪೇಟೆಯಲ್ಲಿ ಅಂಗಡಿ ಇದೆ. ಮಗಳು ಇಲ್ಲೇ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದ್ದಾಳೆ. ಅಮೆರಿಕದ ಎರಡು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಇನ್ನೊಂದಕ್ಕೆ ಅರ್ಜಿ ತುಂಬುತ್ತಿದ್ದಾಳೆ. ಅವರ ವೆಬ್‌ಸೈಟಿನಲ್ಲಿ ವಿದ್ಯಾರ್ಥಿಗಳ ಜನಾಂಗವಾರು ಚಾರ್ಟ್ ಹಾಕಿದ್ದಾರೆ. ಒಂದು ಕಡೆ ಏಷ್ಯನ್ ತೀರಾ ಕಡಿಮೆ, ಇನ್ನೊಂದು ಕಡೆ ಮುಕ್ಕಾಲು ಪಾಲು ಕರಿಯರು. ಅರ್ಜಿಯಲ್ಲಿ ಏಷ್ಯನ್ ಅಂತ ಟಿಕ್ ಮಾಡಿದರೆ ಸೀಟು ಕೊಡಲ್ಲ, ಅವರಿಗೆ ಕಟ್‌ಆಫ್ ಜಾಸ್ತಿ ಅಂತ ನನ್ನ ಭಾವಮೈದ ಹೇಳ್ತಾನೆ. ಜನಾಂಗ ನೋಡಿ ಸೀಟು ಕೊಡಬಾರದು ಅಂತ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಾದ ಮೇಲೆ ಏಷ್ಯನ್ನರಿಗೇ ಲಾಭ, ಧೈರ್ಯವಾಗಿ ಟಿಕ್ ಮಾಡಿ ಅಂತ ಕನ್ಸಲ್ಟೆನ್ಸಿಯವರು ಹೇಳ್ತಾರೆ. ನಮ್ಮನೆಯವರ ಚಿಂತೆ ಬೇರೆ. ನಮ್ಮವರೇ ಇಲ್ಲದ ಕಡೆ ಮಗು ಹೇಗಿರುತ್ತೆ, ಬಣ್ಣ ನೋಡಿ, ಇಂಗ್ಲಿಷ್ ಕೇಳಿ ಆಡಿಕೊಂಡರೆ ಯಾರಿಗೆ ಹೇಳ್ಕೋಬೇಕು? ಕರಿಯರು ಜಾಸ್ತಿ ಇರುವ ಕಡೆ ಸೇಫಾ? ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಈಗ ಹಾಕಿಸುವುದಾದರೆ ನಮ್ಮ ಜಾತಿಯ ಹೆಸರು ಹಾಕಿಸಿದರೆ ಅನುಕೂಲ ಅಂತಾರೆ, ಹೌದಾ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಸೀಟಿಗೆ ಏಟು ಬೀಳುತ್ತಾ ಅನ್ನುವುದು ಒಂದು. ಹೋದ ಮೇಲೆ ಒಂಟಿಯಾಗ್ತಾಳಾ ಅನ್ನುವುದು ಇನ್ನೊಂದು. ಸುರಕ್ಷತೆ ಮೂರನೆಯದು. ಎಲ್ಲಕ್ಕೂ ನೀವು ಒಂದೇ ಚಾರ್ಟ್ ಹಿಡಿದುಕೊಂಡು ಉತ್ತರ ಹುಡುಕುತ್ತಿದ್ದೀರಿ. ಆದರೆ ಆ ಚಾರ್ಟ್ ಮಾಡಿದ್ದು ಇವು ಯಾವುದಕ್ಕೂ ಅಲ್ಲ. ನಾನು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಈ ಲೆಕ್ಕ ಹೇಗೆ ಕೂಡಿಸುತ್ತಾರೆ, ಯಾರಿಗೆ ಕಳಿಸುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಈಗ ದಾವಣಗೆರೆಯಲ್ಲೇ ಕೂತು ನಮ್ಮ ಕಡೆಯ ಮಕ್ಕಳ ಅರ್ಜಿ ನೋಡುತ್ತೇನೆ. ನಿಮ್ಮ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪ್ರತಿ ವರ್ಷ ಬರುತ್ತೆ.

ನೇರವಾಗಿ ಹೇಳಿಬಿಡ್ತೀನಿ. ಆ ಚಾರ್ಟಿನ ‘ಏಷ್ಯನ್’ ಪಾಲಿನಲ್ಲಿ ನಿಮ್ಮ ಮಗಳು ಬರುವುದಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಹೋದವರನ್ನು, ಅವರು ಯಾವ ದೇಶದವರೇ ಆಗಿರಲಿ, ಯಾವ ಬಣ್ಣದವರೇ ಆಗಿರಲಿ, ‘ವಿದೇಶಿ’ ಅನ್ನುವ ಒಂದೇ ಸಾಲಿಗೆ ಹಾಕುತ್ತಾರೆ. ಚೀನಾದವರು, ನೈಜೀರಿಯಾದವರು, ಜರ್ಮನಿಯವರು, ಹರಿಹರದವರು ಎಲ್ಲ ಅದೇ ಸಾಲು. ‘ಏಷ್ಯನ್’ ಅಂದರೆ ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ. ನಿಮ್ಮ ನೆಂಟರ ಮಗಳು ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದಿದ್ದರೆ ಅವಳು ಏಷ್ಯನ್ ಲೆಕ್ಕ, ನಿಮ್ಮ ಮಗಳು ವಿದೇಶಿ ಲೆಕ್ಕ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರೂ ಅಷ್ಟೇ. ಹಾಗಾಗಿ ಏಷ್ಯನ್ ಪಾಲು ಚಿಕ್ಕದಿದೆ ಅಂದ ಮಾತ್ರಕ್ಕೆ ಅಲ್ಲಿ ಭಾರತದಿಂದ ಬಂದವರು ಕಡಿಮೆ ಅಂತ ಅರ್ಥ ಅಲ್ಲ. ಪಕ್ಕದ ‘ವಿದೇಶಿ’ ಸಾಲು ನೋಡಿದ್ರಾ? ಬಹಳ ಜನ ಅದನ್ನು ನೋಡುವುದೇ ಇಲ್ಲ.

ಇನ್ನೂ ಒಂದು ತಿಳಿದಿರಲಿ. ಹೆಚ್ಚಿನ ಯೂನಿವರ್ಸಿಟಿಗಳು ಮುಖಪುಟಕ್ಕೆ ಹಾಕುವ ಚಾರ್ಟ್ ಡಿಗ್ರಿ ಓದುವವರದ್ದು, ನಮ್ಮ ಬಿ.ಎ., ಬಿ.ಎಸ್ಸಿ., ಬಿ.ಇ. ಮಟ್ಟದವರದ್ದು. ಸರ್ಕಾರಿ ಯೂನಿವರ್ಸಿಟಿ ನಡೆಯುವುದು ರಾಜ್ಯದ ದುಡ್ಡಿನಲ್ಲಿ. ಹಾಗಾಗಿ ಡಿಗ್ರಿ ಸೀಟು ಮೊದಲು ನಮ್ಮ ಮಕ್ಕಳಿಗೆ ಕೊಡಿ ಅಂತ ಅಲ್ಲಿನ ಶಾಸಕರು ಪಟ್ಟು ಹಿಡಿಯುತ್ತಾರೆ. ನಮ್ಮಲ್ಲೂ ಸಿಇಟಿ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅಂತ ಕೇಳುತ್ತಾರಲ್ಲ, ಅದೇ ಯೋಚನೆ. ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯ ಚಾಪೆಲ್ ಹಿಲ್ ಕ್ಯಾಂಪಸ್‌ನಲ್ಲಿ ಮೊದಲ ವರ್ಷಕ್ಕೆ ಹೊರರಾಜ್ಯದವರು ಶೇ. 18 ದಾಟುವಂತಿಲ್ಲ ಅಂತ ದಶಕಗಳ ಹಿಂದೆಯೇ ಮಿತಿ ಹಾಕಿದ್ದರು. ಪರಿಣಾಮ ಏನು? ಡಿಗ್ರಿ ತರಗತಿ ಆ ರಾಜ್ಯದ ಜನರ ಹಾಗೇ ಕಾಣುತ್ತೆ. ನ್ಯೂ ಮೆಕ್ಸಿಕೋದಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು, ಜಾಸ್ತಿ, ಹವಾಯಿಯಲ್ಲಿ ಏಷ್ಯನ್ ಜಾಸ್ತಿ, ಐಯೋವಾದಲ್ಲಿ ಬಿಳಿಯರು ಜಾಸ್ತಿ. ಆ ಚಾರ್ಟ್ ಹೇಳುವುದು ರಾಜ್ಯದ ಕಥೆ.

ಎಂ.ಎಸ್. ತರಗತಿ ಹಾಗಲ್ಲ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ಆ ವರ್ಷ ಚೀನಾವನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದೆವು. ಅದರಲ್ಲಿ ಸುಮಾರು 1.96 ಲಕ್ಷ ಜನ ಎಂ.ಎಸ್., ಪಿಎಚ್.ಡಿ. ಮಟ್ಟದವರು. ಡಿಗ್ರಿಗೆ ಹೋದವರು 36 ಸಾವಿರದಷ್ಟು, ಉಳಿದವರಲ್ಲಿ ಬಹುತೇಕರು ಓದು ಮುಗಿಸಿ ಅಲ್ಲೇ ತರಬೇತಿ ಕೆಲಸದಲ್ಲಿದ್ದವರು. ಆ 1.96 ಲಕ್ಷ ಜನ ಎಲ್ಲಿ ಹೋಗಿ ಸೇರ್ತಾರೆ ಅಂತ ನಿಮಗೇ ಗೊತ್ತು. ಕಂಪ್ಯೂಟರ್ ಸೈನ್ಸ್, ಡೇಟಾ ಸೈನ್ಸ್, ಎಲೆಕ್ಟ್ರಿಕಲ್. ಬಿಳಿಯರೇ ತುಂಬಿರುವ ರಾಜ್ಯದ ಯೂನಿವರ್ಸಿಟಿಯಲ್ಲೂ ಎಂ.ಎಸ್. ಕಂಪ್ಯೂಟರ್ ಸೈನ್ಸ್ ಕ್ಲಾಸಿಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ ಇರುವುದನ್ನು ನಾನು ನೋಡಿದ್ದೇನೆ. ಹಿಂದಿನ ಬೆಂಚಿನಲ್ಲಿ ತೆಲುಗು, ಮುಂದಿನ ಬೆಂಚಿನಲ್ಲಿ ಮರಾಠಿ. ‘ನಮ್ಮವರೇ ಇಲ್ಲದ ಕಡೆ’ ಅನ್ನುವ ಭಯ ಈ ಕೋರ್ಸಿಗೆ ಸುಮ್ನೆ. ನನಗೆ ಇದರ ಉಲ್ಟಾ ಚಿಂತೆ ಇದೆ, ಅದನ್ನು ಮುಂದೆ ಹೇಳ್ತೀನಿ.

ಈಗ ಟಿಕ್ ಮಾಡುವ ವಿಷಯ. ನಿಮ್ಮ ಭಾವಮೈದ, ಕನ್ಸಲ್ಟೆನ್ಸಿಯವರು ಇಬ್ಬರೂ ನಮ್ಮ 2ಎ, 3ಬಿ ಕಣ್ಣಿನಿಂದ ಅಲ್ಲಿನ ಫಾರ್ಮ್ ನೋಡುತ್ತಿದ್ದಾರೆ. ನಮ್ಮಲ್ಲಿ ತೋಳಹುಣಸೆಯ ನಮ್ಮ ಯೂನಿವರ್ಸಿಟಿಗೆ ಎಂ.ಎಸ್ಸಿ. ಅರ್ಜಿ ಹಾಕಿದರೂ ತಹಶೀಲ್ದಾರರ ಸರ್ಟಿಫಿಕೇಟ್ ಬೇಕು. ಅದರ ಮೇಲೆ ರೋಸ್ಟರ್, ಆಮೇಲೆ ಪ್ರತಿ ವರ್ಗಕ್ಕೂ ಬೇರೆ ಕಟ್‌ಆಫ್. ಅಲ್ಲಿ ಸರ್ಟಿಫಿಕೇಟ್ ಇಲ್ಲ, ತಹಶೀಲ್ದಾರರಿಲ್ಲ, ರೋಸ್ಟರ್ ಇಲ್ಲ. ಯಾರು ಏನು ಅಂತ ಅವರವರೇ ಹೇಳಿಕೊಳ್ಳುತ್ತಾರೆ. ಫಾರ್ಮಿನಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಇರುತ್ತೆ. ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋನಾ, ಹೌದು ಇಲ್ಲ. ಆಮೇಲೆ ಐದು ಚೌಕ: ಅಮೆರಿಕನ್ ಇಂಡಿಯನ್, ಏಷ್ಯನ್, ಬ್ಲ್ಯಾಕ್, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು, ವೈಟ್. ಒಂದಕ್ಕಿಂತ ಹೆಚ್ಚು ಟಿಕ್ ಮಾಡಬಹುದು. 2024ರ ಮಾರ್ಚ್‌ನಲ್ಲಿ ಸರ್ಕಾರದ ಮಟ್ಟದಲ್ಲಿ ಎರಡೂ ಪ್ರಶ್ನೆ ಸೇರಿಸಿ ಒಂದೇ ಮಾಡುವ, ಮಧ್ಯಪ್ರಾಚ್ಯದವರಿಗೆ ಬೇರೆ ಚೌಕ ಕೊಡುವ ಬದಲಾವಣೆ ಪ್ರಕಟವಾಗಿದೆ, ಹಾಗಾಗಿ ಮಗಳ ಫಾರ್ಮ್ ಸ್ವಲ್ಪ ಬೇರೆ ಥರ ಇದ್ದರೆ ಗಾಬರಿ ಬೇಡ. ಮಗಳಿಗೆ ಒಂದು ಮಾತು ಮಾತ್ರ ಹೇಳಿ, ‘ಇಂಡಿಯನ್’ ಅಂತ ಕಂಡ ಕೂಡಲೇ ಮೊದಲ ಚೌಕಕ್ಕೆ ಕೈ ಹಾಕಬಾರದು. ಅದು ಅಲ್ಲಿನ ಮೂಲನಿವಾಸಿಗಳದ್ದು. ಪ್ರತಿ ವರ್ಷ ಯಾರೋ ಒಬ್ಬರು ಟಿಕ್ ಮಾಡಿ ಆಮೇಲೆ ತಿದ್ದಿಸುತ್ತಾರೆ.

ಅವಳು ತುಂಬಬೇಕಾದ್ದು ನಿಜವಿದ್ದ ಹಾಗೆ: ಹಿಸ್ಪಾನಿಕ್ ಅಲ್ಲ, ಏಷ್ಯನ್. ಬೇಡ ಅನಿಸಿದರೆ ‘ಹೇಳಲು ಇಷ್ಟವಿಲ್ಲ’ ಅನ್ನುವ ಆಯ್ಕೆ ಇರುತ್ತೆ. ಎಷ್ಟೋ ಅರ್ಜಿಗಳಲ್ಲಿ ವಿದೇಶಿಯರಿಗೆ ಆ ಪ್ರಶ್ನೆ ಕಡ್ಡಾಯವೂ ಅಲ್ಲ. ಏನು ಟಿಕ್ ಮಾಡಿದರೂ ಲೆಕ್ಕದಲ್ಲಿ ಅವಳು ‘ವಿದೇಶಿ’ ಸಾಲಿಗೇ ಹೋಗುವುದು. ಸುಳ್ಳು ತುಂಬುವುದು ಮಾತ್ರ ಬೇಡ. ಲಾಭ ಇಲ್ಲ, ಆದರೆ ಅರ್ಜಿಯ ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ.

ಇನ್ನು ಕೋರ್ಟ್ ತೀರ್ಪು. ಕನ್ಸಲ್ಟೆನ್ಸಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಮಗಳಿಗೂ ಅದಕ್ಕೂ ಸಂಬಂಧ ಕಡಿಮೆ. ಅಮೆರಿಕದಲ್ಲಿ ಸೀಟು ತೆಗೆದಿಡುವ ಕೋಟಾ ಪದ್ಧತಿ 1978ರಲ್ಲೇ ಹೋಯಿತು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಮೆಡಿಕಲ್ ಕಾಲೇಜು 100 ಸೀಟಿನಲ್ಲಿ 16 ಸೀಟನ್ನು ಅಲ್ಪಸಂಖ್ಯಾತರಿಗೆ ಅಂತ ಎತ್ತಿಟ್ಟಿತ್ತು. ಸೀಟು ಸಿಗದ ಬಿಳಿಯ ಅಭ್ಯರ್ಥಿ ಬಾಕಿ ಎಂಬಾತ ಕೋರ್ಟಿಗೆ ಹೋದ. ಸೀಟು ಎತ್ತಿಡುವುದು ಸಲ್ಲದು, ಆದರೆ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಅಂತ ತೀರ್ಪಾಯಿತು. 2003ರಲ್ಲಿ ಮಿಚಿಗನ್ ಯೂನಿವರ್ಸಿಟಿಯ ಕೇಸಿನಲ್ಲೂ ಅದೇ ನಿಂತಿತು. 2023ರ ಜೂನ್ 29ಕ್ಕೆ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ಕೇಸುಗಳಲ್ಲಿ ಅದೂ ಬೇಡ ಅಂತ ಆಯಿತು. ತನ್ನ ಜನಾಂಗದಿಂದ ಬದುಕಿನಲ್ಲಿ ಏನಾಯ್ತು ಅಂತ ಹುಡುಗನೋ ಹುಡುಗಿಯೋ ಪ್ರಬಂಧದಲ್ಲಿ ಬರೆದರೆ ಓದಬಹುದು, ಚೌಕ ನೋಡಿ ಅಂಕ ಕೊಡುವಂತಿಲ್ಲ.

ಇದರಲ್ಲಿ ಹಲವರಿಗೆ ಗೊತ್ತಿಲ್ಲದ್ದು ಏನೆಂದರೆ, ಕೆಲವು ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳು ಈ ತೀರ್ಪಿಗೆ ಎಷ್ಟೋ ಮೊದಲೇ ಜನಾಂಗ ನೋಡುವುದನ್ನು ಬಿಟ್ಟಿದ್ದವು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 1998ರಲ್ಲಿ, ಮಿಚಿಗನ್‌ನಲ್ಲಿ 2006ರಲ್ಲಿ ಜನರೇ ಮತ ಹಾಕಿ ನಿಲ್ಲಿಸಿದ್ದರು. ಟೆಕ್ಸಾಸ್ 1997ರಲ್ಲಿ ಬೇರೆ ದಾರಿ ಹುಡುಕಿತು. ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ ಮೇಲಿನ ಶೇ. 10ರೊಳಗೆ ಬಂದರೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಅಂತ. ಜಗಳೂರಿನ ಸ್ಕೂಲಿನ ಮೊದಲಿಗರೂ ಬೆಂಗಳೂರಿನ ದೊಡ್ಡ ಸ್ಕೂಲಿನ ಮೊದಲಿಗರೂ ಒಂದೇ ಸಾಲಿನಲ್ಲಿ ನಿಂತ ಹಾಗೆ. ಸ್ಕೂಲುಗಳೇ ಜನಾಂಗವಾರು ಹಂಚಿಹೋಗಿದ್ದರಿಂದ ಜನಾಂಗದ ಹೆಸರೆತ್ತದೆ ಎಲ್ಲರಿಗೂ ಸೀಟು ತಲುಪಿತು. ನನಗಂತೂ ಇದು ಜಾಣ ಕಾನೂನು ಅನಿಸುತ್ತೆ, ಆದರೆ ಅಲ್ಲಿ ಅದರ ಬಗ್ಗೆಯೂ ಜಗಳ ಇದೆ.

‘ಏಷ್ಯನ್ನರಿಗೇ ಲಾಭ’ ಅನ್ನುವುದಕ್ಕೆ ಬಂದರೆ, ತೀರ್ಪಿನ ನಂತರದ ಮೊದಲ ಬ್ಯಾಚಿನಲ್ಲಿ ಎಂಐಟಿಯಲ್ಲಿ ಏಷ್ಯನ್ ಅಮೆರಿಕನ್ನರ ಪಾಲು ಏರಿತು, ಯೇಲ್‌ನಲ್ಲಿ ಇಳಿಯಿತು. ಎರಡೂ ಖಾಸಗಿ ಸಂಸ್ಥೆಗಳು, ಎರಡೂ ಡಿಗ್ರಿ ಸೀಟಿನ ಲೆಕ್ಕ. ಜಗಳವೆಲ್ಲ ಇದ್ದದ್ದು ಅಲ್ಲಿಯೇ: ಕೆಲವೇ ಸೀಟು, ಲಕ್ಷಗಟ್ಟಲೆ ಹದಿನೆಂಟರ ಮಕ್ಕಳು. ಎಂ.ಎಸ್. ಸೀಟನ್ನು ಡಿಪಾರ್ಟ್‌ಮೆಂಟ್ ಕೊಡುತ್ತೆ. ಅವರು ನೋಡುವುದು ಅಂಕ, ಓದಿದ ಪೇಪರುಗಳು, ಶಿಫಾರಸು ಪತ್ರ, ಉದ್ದೇಶ ಪತ್ರ, ಇಂಗ್ಲಿಷ್ ಪರೀಕ್ಷೆ, ಜೊತೆಗೆ ಫೀಸು ಕಟ್ಟುವ ತಾಕತ್ತು. ವಿದೇಶಿ ವಿದ್ಯಾರ್ಥಿ ಹೊರರಾಜ್ಯದ ಫೀಸು ಕಟ್ಟುತ್ತಾಳೆ, ಅದು ಯೂನಿವರ್ಸಿಟಿಗೂ ಬೇಕು. ಸಿಕ್ಕ ಎರಡು ಸೀಟನ್ನು ಯಾವ ಚೌಕವೂ ಕಿತ್ತುಕೊಳ್ಳುವುದಿಲ್ಲ.

ಹಾಗಾದರೆ ಈ ಚಾರ್ಟ್ ಯಾಕೆ ಹಾಕುತ್ತಾರೆ ಅಂತ ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಮತ್ತು ನಿಮ್ಮ ಎರಡನೇ ಯೂನಿವರ್ಸಿಟಿಯ ಉತ್ತರವೂ ಅಲ್ಲೇ ಇದೆ. 1862ರ ಮಾರಿಲ್ ಕಾಯ್ದೆಯಿಂದ ರಾಜ್ಯಗಳಿಗೆ ಜಮೀನು ಸಿಕ್ಕಿ ಕೃಷಿ, ಎಂಜಿನಿಯರಿಂಗ್ ಕಲಿಸುವ ಸರ್ಕಾರಿ ಕಾಲೇಜುಗಳು ಹುಟ್ಟಿದವು. ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಒಳಗೆ ಬಿಡಲಿಲ್ಲ. 1890ರಲ್ಲಿ ಎರಡನೇ ಕಾಯ್ದೆ ಬಂತು: ಒಂದೋ ಅವರನ್ನು ಸೇರಿಸಿಕೊಳ್ಳಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಮಾಡಿ ಅಂತ. ರಾಜ್ಯಗಳು ಎರಡನೆಯದನ್ನು ಆರಿಸಿಕೊಂಡವು. ಹಾಗೆ ಬೆಳೆದ ಸರ್ಕಾರಿ ಯೂನಿವರ್ಸಿಟಿಗಳು ಇವತ್ತೂ ಇವೆ, ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ, ಫ್ಲಾರಿಡಾ ಎ ಅಂಡ್ ಎಂ ಅಂಥವು. ಎಂಜಿನಿಯರಿಂಗ್‌ಗೆ ಒಳ್ಳೆ ಹೆಸರಿನವೂ ಇವೆ. ಕಪ್ಪು ವಿದ್ಯಾರ್ಥಿಗಳು ಮುಕ್ಕಾಲು ಪಾಲು ಅಂತ ನೀವು ಬರೆದದ್ದು ನೋಡಿದರೆ ನಿಮ್ಮದೂ ಅಂಥದ್ದೇ ಇರಬೇಕು. ಅಲ್ಲಿ ಎಲ್ಲರಿಗೂ ಸೀಟಿದೆ, ಮೇಷ್ಟ್ರುಗಳಲ್ಲಿ ಭಾರತದವರೂ ಸಿಗುತ್ತಾರೆ.

ಬಿಳಿಯರ ಯೂನಿವರ್ಸಿಟಿಗಳ ಬಾಗಿಲು ತೆರೆದದ್ದು ಸುಲಭಕ್ಕಲ್ಲ. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕಪ್ಪು ಯುವಕ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಸೇರಲು ಹೋದಾಗ ಗಲಭೆಯಾಗಿ ಇಬ್ಬರು ಸತ್ತರು, ಸೈನ್ಯ ಬರಬೇಕಾಯಿತು. 1964ರ ಸಿವಿಲ್ ರೈಟ್ಸ್ ಕಾಯ್ದೆ ಆದ ಮೇಲೆ, ಕೇಂದ್ರದ ದುಡ್ಡು ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲ ದೇಶ ನೋಡಿ ಭೇದ ಮಾಡುವಂತಿಲ್ಲ ಅಂತಾಯಿತು. ಮಾಡುತ್ತಿಲ್ಲ ಅಂತ ತೋರಿಸಬೇಕಲ್ಲ? ಅದಕ್ಕೆ ಲೆಕ್ಕ. ಈ ಇತಿಹಾಸದಲ್ಲಿ ನಮಗೂ ಒಂದು ಸಾಲಿದೆ. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಇದ್ದು ಬಂದವರು, ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ, ಪೌರತ್ವ ಕೊಡಿ ಅಂತ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ತಮಾಷೆ ನೋಡಿ, 1970ರ ಜನಗಣತಿಯಲ್ಲಿ ನಮ್ಮವರನ್ನು ‘ವೈಟ್’ ಅಂತಲೇ ಎಣಿಸಿದರು, 1980ಕ್ಕೆ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಚೌಕ ಬಂತು.

ಈಗ ಸುರಕ್ಷತೆ. ಜನರ ಬಣ್ಣ ನೋಡಿ ಸೇಫಾ ಅಲ್ವಾ ಅಂತ ಅಳೆಯಲು ಆಗುವುದಿಲ್ಲ, ಅಳೆಯಲು ಬೇರೆ ಕಾಗದ ಇದೆ. ಕ್ಲೆರಿ ಕಾಯ್ದೆ ಅಂತ 1990ರದ್ದು. ಪ್ರತಿ ಯೂನಿವರ್ಸಿಟಿಯೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರೊಳಗೆ, ಹಿಂದಿನ ಮೂರು ವರ್ಷ ಕ್ಯಾಂಪಸ್ ಮತ್ತು ಅದಕ್ಕೆ ತಾಗಿದ ರಸ್ತೆಗಳಲ್ಲಿ ವರದಿಯಾದ ಅಪರಾಧಗಳ ಲೆಕ್ಕ ಪ್ರಕಟಿಸಲೇಬೇಕು. ಕನ್ನಗಳವು, ದರೋಡೆ, ಲೈಂಗಿಕ ದೌರ್ಜನ್ಯ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರುತ್ತೆ. ಯೂನಿವರ್ಸಿಟಿ ಹೆಸರಿನ ಜೊತೆ ‘ಆನ್ಯುಯಲ್ ಸೆಕ್ಯುರಿಟಿ ರಿಪೋರ್ಟ್’ ಅಂತ ಹುಡುಕಿದರೆ ಸಿಗುತ್ತೆ. ಎರಡೂ ಯೂನಿವರ್ಸಿಟಿಗಳದ್ದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಎಚ್ಚರ: ದೂರು ತೆಗೆದುಕೊಳ್ಳುವ ವ್ಯವಸ್ಥೆ ಚೆನ್ನಾಗಿರುವ ಕಡೆ ಅಂಕಿ ಜಾಸ್ತಿಯೇ ಕಾಣಬಹುದು, ಹಾಗಾಗಿ ಕಡಿಮೆ ಅಂಕಿ ಕಂಡು ಪೂರ್ತಿ ನಿಶ್ಚಿಂತೆ ಆಗಬೇಡಿ. ರಾತ್ರಿ ಲೈಬ್ರರಿಯಿಂದ ಮನೆಗೆ ಬಿಡುವ ವ್ಯಾನ್ ಇದೆಯಾ, ಎಷ್ಟು ಗಂಟೆವರೆಗೆ ಅಂತ ಕೇಳಿ. ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ‘ಕರಿಯರು’ ಅನ್ನುವ ಪದ ಮಗಳ ಜೊತೆ ವಿಮಾನ ಹತ್ತದಿರಲಿ. ಲ್ಯಾಬಿನಲ್ಲಿ ಕನ್ನಡದಲ್ಲೇ ಅಂದರೂ ಮುಖ, ದನಿ ನೋಡಿ ಪಕ್ಕದವರಿಗೆ ಅರ್ಥವಾಗುತ್ತೆ. ಹಾಗೆ ಮಾತಾಡಿ ದೂರು ಎದುರಿಸಿದ ನಮ್ಮ ಹುಡುಗರ ಫೈಲ್ ನಾನು ನೋಡಿದ್ದೇನೆ.

ಬಣ್ಣ ನೋಡಿ ಆಡಿಕೊಳ್ತಾರಾ? ರಸ್ತೆಯಲ್ಲಿ ಕಾರಿನಿಂದ ಕೂಗಿ ಹೋಗುವವರು ಇಲ್ಲ ಅಂತ ಹೇಳಲಾರೆ. ಆದರೆ ನನ್ನ ಕಚೇರಿಗೆ ಬರುತ್ತಿದ್ದ ಗೋಳು ಹೆಚ್ಚಾಗಿ ಬೇರೆ ಥರದ್ದು. ಗ್ರೂಪ್ ಪ್ರಾಜೆಕ್ಟಿಗೆ ಜೋಡಿ ಮಾಡಿಕೊಳ್ಳುವಾಗ ಅಲ್ಲಿನ ಮಕ್ಕಳು ಅಲ್ಲಿನವರನ್ನೇ ಆರಿಸಿಕೊಳ್ಳುವುದು. ಹೆಸರನ್ನು ಕೇಳದೇ ಮೊಟಕು ಮಾಡುವುದು. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕಿದವರಿಗೆ ಸೆಮಿಸ್ಟರ್ ಕೊನೆಯಲ್ಲಿ ಡಿಗ್ರಿ ಮಕ್ಕಳು ಬರೆದುಕೊಡುವ ಅಭಿಪ್ರಾಯದಲ್ಲಿ ‘ಇವಳ ಇಂಗ್ಲಿಷ್ ಅರ್ಥವಾಗಲ್ಲ’ ಅನ್ನುವ ಸಾಲು. ಕೊನೆಯದಕ್ಕೆ ಮಾತ್ರ ಮದ್ದಿದೆ: ಎಷ್ಟೋ ಕಡೆ ಆ ಕೆಲಸಕ್ಕೆ ಮೊದಲು ಮಾತಿನ ಪರೀಕ್ಷೆ ಇಡುತ್ತಾರೆ, ಅದಕ್ಕೆ ತಯಾರಿ ಕ್ಲಾಸೂ ಇರುತ್ತೆ. ಮೊದಲ ಸೆಮಿಸ್ಟರಿನಲ್ಲೇ ಸೇರಲಿ.

ನಿಜವಾದ ಭೇದಭಾವ ಆದರೆ, ಮೇಷ್ಟ್ರು ಜನಾಂಗ ನೋಡಿ ಅಂಕ ಕಡಿದರೋ, ರೂಮಿನ ಬಾಗಿಲ ಮೇಲೆ ಯಾರಾದರೂ ಕೆಟ್ಟದಾಗಿ ಬರೆದರೋ, ಆಗ 1964ರ ಆ ಕಾಯ್ದೆ ಅವಳಿಗೂ ಅನ್ವಯಿಸುತ್ತೆ. ಪ್ರಜೆ ಆಗಿರಬೇಕು ಅಂತಿಲ್ಲ. ಯೂನಿವರ್ಸಿಟಿಯಲ್ಲಿ ಅಂಥ ದೂರು ತೆಗೆದುಕೊಳ್ಳುವ ಕಚೇರಿ ಇರುತ್ತೆ. ಅದರ ಹೆಸರು ಒಂದೊಂದು ಕಡೆ ಒಂದೊಂದು, ಮತ್ತು ಈಚೆಗೆ ಬದಲಾಗುತ್ತಲೇ ಇದೆ. ಟೆಕ್ಸಾಸ್‌ನಲ್ಲಿ 2024ರ ಜನವರಿ 1ರಿಂದ ಸರ್ಕಾರಿ ಯೂನಿವರ್ಸಿಟಿಗಳ ‘ಡೈವರ್ಸಿಟಿ’ ಕಚೇರಿಗಳನ್ನು, ಅಂದರೆ ಎಲ್ಲ ಜನಾಂಗದವರಿಗೂ ಜಾಗ ಸಿಗಲಿ ಅಂತ ಕೆಲಸ ಮಾಡುತ್ತಿದ್ದವನ್ನು, ಕಾನೂನಿನಿಂದಲೇ ಮುಚ್ಚಿಸಿದರು. ದೂರು ತೆಗೆದುಕೊಳ್ಳುವ ಜವಾಬ್ದಾರಿ ಮುಚ್ಚಿಲ್ಲ, ಬೋರ್ಡ್ ಬದಲಾಗಿದೆ ಅಷ್ಟೇ. ದೂರು ಕೊಟ್ಟರೆ ವೀಸಾ ಹೋಗುತ್ತೆ ಅನ್ನುವ ಮಾತು ನಮ್ಮ ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಓಡಾಡ್ತಾ ಇರುತ್ತೆ. ವೀಸಾ ನಿಂತಿರುವುದು ಪೂರ್ಣಾವಧಿ ಓದು, ವಾರಕ್ಕೆ 20 ಗಂಟೆ ಮೀರದ ಕ್ಯಾಂಪಸ್ ಕೆಲಸ, ಸರಿಯಾದ ವಿಳಾಸ ಇಂಥವುಗಳ ಮೇಲೆ. ದೂರು ಕೊಟ್ಟಿದ್ದು ಅದರಲ್ಲಿಲ್ಲ. ಆದರೂ ಭಯ ಪೂರ್ತಿ ಬುಡವಿಲ್ಲದ್ದು ಅಂತ ನಾನು ಹೇಳಲ್ಲ. 2025ರಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಯನ್ನು ಅಲ್ಲಿನ ಸರ್ಕಾರ ಏಕಾಏಕಿ ರದ್ದು ಮಾಡಿ, ಕೋರ್ಟುಗಳಲ್ಲಿ ಕೇಸು ಬಿದ್ದ ಮೇಲೆ ವಾಪಸ್ ಸರಿ ಮಾಡಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೇ ಏನೇ ಆದರೂ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಹೇಳಲಿ, ಆಮೇಲೆ ದೂರು. ಎರಡೂ ಈಮೇಲಿನಲ್ಲಿ ಇರಲಿ, ಬಾಯಿಮಾತಲ್ಲಿ ಬೇಡ.

ನನ್ನ ಉಲ್ಟಾ ಚಿಂತೆ ಹೇಳ್ತೀನಿ ಅಂದಿದ್ದೆ. ನಮ್ಮೂರಿಗೆ ಉತ್ತರ ಭಾರತದಿಂದ ಮೆಡಿಕಲ್ ಓದಲು ಬರುವ ಮಕ್ಕಳನ್ನು ಎಷ್ಟು ಕಾಲದಿಂದ ನೋಡಿದ್ದೀರಿ. ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಒಂದೇ ಮನೆಯಲ್ಲಿ ನಾಲ್ಕು ಜನ, ಊಟಕ್ಕೆ ಅವರದೇ ಮೆಸ್ಸು, ಮಾತಿಗೆ ಅವರದೇ ಗುಂಪು, ಕೋರ್ಸು ಮುಗಿಸಿ ಹೋಗುವಾಗಲೂ ಕನ್ನಡ ‘ಎಷ್ಟು, ಸಾಕು’ಗಿಂತ ಮುಂದೆ ಹೋಗಿರಲ್ಲ. ಎಂ.ಎಸ್.ಗೆ ಹೋದ ನಮ್ಮ ಮಕ್ಕಳೂ ಅಲ್ಲಿ ಹಾಗೇ. ಸೀಟು ಸಿಕ್ಕ ವಾರವೇ ವಾಟ್ಸಾಪ್ ಗುಂಪು, ಅದರಲ್ಲಿ ‘ಕನ್ನಡ ಹುಡುಗಿ ಬೇಕು, ವೆಜ್ ಮಾತ್ರ, ಎರಡು ಬೆಡ್‌ರೂಮು ನಾಲ್ಕು ಜನ’. ಫ್ರಿಜ್ ಮೇಲೆ ಅಡುಗೆ ಸರದಿಯ ಚೀಟಿ, ಸೋಮವಾರ ಸಾರು ಇವಳದು, ಪಾತ್ರೆ ಅವಳದು. ಮೊದಲ ತಿಂಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಖರ್ಚೂ ಕಮ್ಮಿ, ಜ್ವರ ಬಂದರೆ ಗಂಜಿ ಮಾಡುವವರು ಇರ್ತಾರೆ. ಆದರೆ ಎರಡು ವರ್ಷ ಹೀಗೇ ಕಳೆದರೆ ಕೆಲಸದ ಇಂಟರ್‌ವ್ಯೂನಲ್ಲಿ ಅಮೆರಿಕನ್ನರ ಜೊತೆ ಹತ್ತು ನಿಮಿಷ ಸಲೀಸಾಗಿ ಮಾತಾಡಲು ಒದ್ದಾಡ್ತಾರೆ. ಯಾವ ಕಂಪನಿ ಎಲ್ಲಿ ತೆಗೆದುಕೊಳ್ತಾ ಇದೆ ಅನ್ನುವ ಸುದ್ದಿಯೂ ನಮ್ಮ ಗುಂಪಿನೊಳಗೇ ಸುತ್ತುತ್ತೆ, ಎಲ್ಲರೂ ಒಂದೇ ಕಡೆ ಅರ್ಜಿ ಹಾಕ್ತಾರೆ.

ನಮ್ಮವರ ಮನೆ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಂತಲೂ ಅಲ್ಲ. ‘ವೆಜ್ ಮಾತ್ರ’ ಅನ್ನುವುದರ ಹಿಂದೆ ‘ಪೂರ್ತಿ ಹೆಸರೇನು, ಯಾವ ಪೈಕಿ’ ಅನ್ನುವ ಪ್ರಶ್ನೆ ಬರುತ್ತೆ. ಕೆಲವು ಮಕ್ಕಳು ಇದರಿಂದ ನೊಂದು ಮನೆ ಬಿಟ್ಟು ಬಂದು ನಮ್ಮ ಕಚೇರಿಯಲ್ಲಿ ಕೂತಿದ್ದಾರೆ, ಏನಾಯ್ತು ಅಂತ ಅಲ್ಲಿನ ಸಿಬ್ಬಂದಿಗೆ ವಿವರಿಸಲೂ ಆಗದೆ. ಅದಕ್ಕೇ ಈಚೆಗೆ ಅಲ್ಲಿಯೂ ಜಾತಿ ಅನ್ನುವುದು ನಿಯಮದೊಳಗೆ ಬಂದಿದೆ. 23 ಕ್ಯಾಂಪಸ್‌ಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರ ಜನವರಿಯಲ್ಲಿ ತನ್ನ ಭೇದಭಾವ ತಡೆಯುವ ನಿಯಮಕ್ಕೆ ಜಾತಿಯನ್ನು ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಕಾನೂನನ್ನೇ ಮಾಡಿತು. ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಅಂಥದ್ದೇ ಮಸೂದೆ ಪಾಸಾದರೂ ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಲಿಲ್ಲ, ಈಗಿರುವ ಕಾನೂನೇ ಸಾಕು ಅಂದರು. ಬೇಕು ಬೇಡ ಅಂತ ಬೀದಿಗಿಳಿದವರು ಎರಡೂ ಕಡೆ ನಮ್ಮವರೇ.

ಮನೆ ವಿಷಯಕ್ಕೆ ನನ್ನ ಸಲಹೆ ಹೀಗೆ. ಮೊದಲ ಸೆಮಿಸ್ಟರಿಗೆ ಸಾಧ್ಯವಾದರೆ ಯೂನಿವರ್ಸಿಟಿಯದೇ ವಸತಿ. ದುಬಾರಿ, ಸೀಟು ಬೇಗ ಮುಗಿಯುತ್ತೆ, ಅಡುಗೆಗೆ ಕಷ್ಟ, ಆದರೆ ಬೇರೆ ದೇಶದವರು, ಅಲ್ಲಿನವರು ಸಿಗುತ್ತಾರೆ. ಆಗದಿದ್ದರೆ ನಮ್ಮವರ ಜೊತೆಯೇ ಇರಲಿ, ಆದರೆ ಒಪ್ಪಂದದ ಕಾಗದವನ್ನು ಓದಿ ಸಹಿ ಹಾಕಲಿ. ನಾಲ್ಕು ಜನ ಸೇರಿ ಒಂದೇ ಕಾಗದಕ್ಕೆ ಸಹಿ ಹಾಕಿದರೆ, ಒಬ್ಬಳು ಮಧ್ಯೆ ಬಿಟ್ಟುಹೋದರೆ ಅವಳ ಬಾಡಿಗೆಯನ್ನೂ ಉಳಿದವರ ಹತ್ತಿರ ವಸೂಲಿ ಮಾಡಬಹುದು. ಸಾಮಾನ್ಯವಾಗಿ ಹನ್ನೆರಡು ತಿಂಗಳ ಕರಾರು. ಒಬ್ಬೊಬ್ಬರಿಗೆ ಬೇರೆ ಬೇರೆ ಕರಾರು ಮಾಡಿಕೊಡುವ ಅಪಾರ್ಟ್‌ಮೆಂಟ್‌ಗಳೂ ಇವೆ, ಸ್ವಲ್ಪ ಜಾಸ್ತಿ ಆದರೂ ಅದೇ ವಾಸಿ.

ಎರಡು ಯೂನಿವರ್ಸಿಟಿಗಳಲ್ಲಿ ಯಾವುದು ಅನ್ನುವುದಕ್ಕೆ ಜನಾಂಗದ ಚಾರ್ಟನ್ನು ಪಕ್ಕಕ್ಕಿಡಿ. ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರಿಗೆ ಮಗಳು ಒಂದು ಈಮೇಲ್ ಹಾಕಲಿ: ಹೋದ ವರ್ಷ ಈ ಎಂ.ಎಸ್.ಗೆ ಎಷ್ಟು ಜನ ಸೇರಿದರು, ಅದರಲ್ಲಿ ವಿದೇಶಿಯರು ಎಷ್ಟು, ಒಂದು ಕ್ಲಾಸಿನಲ್ಲಿ ಎಷ್ಟು ಜನ ಕೂರುತ್ತಾರೆ, ಎಂ.ಎಸ್. ಮಕ್ಕಳಿಗೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಎಷ್ಟು ಸಿಕ್ಕಿತು. ಉತ್ತರ ಬಂದರೆ ಒಳ್ಳೆಯದು. ಬಾರದಿದ್ದರೆ, ಮುಂದೆ ಏನಾದರೂ ಕೇಳಿದಾಗ ಅಲ್ಲಿ ಎಷ್ಟು ಬೇಗ ಉತ್ತರ ಸಿಗುತ್ತೆ ಅನ್ನುವ ಅಂದಾಜು ಈಗಲೇ ಸಿಕ್ಕ ಹಾಗಾಯ್ತು. ಭಾರತದವರೇ ಮುನ್ನೂರು ಜನ ತುಂಬಿರುವ ಕೋರ್ಸಿಗಿಂತ, ನಲವತ್ತು ಜನರ ಮಿಶ್ರ ಕ್ಲಾಸು ಸಿಕ್ಕರೆ ನಾನಾದರೆ ಅದನ್ನೇ ಆರಿಸುತ್ತೇನೆ. ಅದರ ಅಪಾಯವೂ ಇದೆ: ಚಿಕ್ಕ ಊರು, ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಕಡಿಮೆ, ಹಳೇ ವಿದ್ಯಾರ್ಥಿಗಳ ನಂಟು ಕಡಿಮೆ. ಸಾಲ ಮಾಡಿ ಕಳಿಸ್ತಾ ಇದ್ದರೆ ಇದು ಸಣ್ಣ ವಿಷಯ ಅಲ್ಲ, ಕೂತು ಲೆಕ್ಕ ಹಾಕಿ.

‘ಡೈವರ್ಸಿಟಿ ಸ್ಕಾಲರ್‌ಶಿಪ್’ ಕೊಡಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಂಥವು ಹೆಚ್ಚಾಗಿ ಅಲ್ಲಿನ ಪ್ರಜೆಗಳಿಗೆ, ಮತ್ತು 2023ರ ನಂತರ ಎಷ್ಟೋ ಕಡೆ ಅದರ ಜನಾಂಗದ ಷರತ್ತೂ ಹೋಗಿದೆ.

ಕೊನೆಗೆ ಪಾಸ್‌ಪೋರ್ಟ್. ಇದನ್ನು ನೀವು ಸಣ್ಣದು ಅಂತ ಕೊನೆಗೆ ಬರೆದಿದ್ದೀರಿ, ನಿಜವಾಗಿ ಇದೇ ಮೊದಲು ಮಾಡಬೇಕಾದ ಕೆಲಸ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಅವಳ ಹೆಸರನ್ನು ಪೂರ್ತಿ ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ, ಹಾಕುತ್ತಾರೆ. ಆಮೇಲೆ ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್ ಇಂಥ ಎಷ್ಟೋ ಕಡೆ ಅದೇ ಅಂಟಿಕೊಳ್ಳುತ್ತೆ. ಡಾಕ್ಟರ್ ಹತ್ತಿರ ಹೋದರೆ ‘ಫ್ನು’ ಅಂತ ಕೂಗುತ್ತಾರೆ. ಯೂನಿವರ್ಸಿಟಿಯವರು ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶ ಪತ್ರ, ಕಳಿಸುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿ, ಹೊಸ ಪಾಸ್‌ಪೋರ್ಟಿನ ಪ್ರತಿಯನ್ನು ಎರಡೂ ಕಡೆಗೆ ಕಳಿಸಿ. ಐ-20 ಈಗಾಗಲೇ ಬಂದಿದ್ದರೆ ತಿದ್ದಿ ಕೊಡಿ ಅಂತ ಕೇಳಿ, ಕೊಡುತ್ತಾರೆ. ವೀಸಾ ಅರ್ಜಿಯ ಫಾರ್ಮ್ ಡಿಎಸ್-160 ತುಂಬುವುದು ಅದಾದ ಮೇಲೆ.

ಸರ್‌ನೇಮ್ ಆಗಿ ಏನು ಹಾಕಿಸಬೇಕು ಅನ್ನುವುದು ನಿಮ್ಮ ಮನೆಯ ನಿರ್ಧಾರ. ಜಾತಿಯ ಹೆಸರು ಹಾಕಿಸಿದರೆ ಅಮೆರಿಕನ್ನರ ಹತ್ತಿರ ಅದರಿಂದ ಯಾವ ಅನುಕೂಲವೂ ಇಲ್ಲ, ಅವರಿಗೆ ಅದು ಗೊತ್ತೂ ಆಗಲ್ಲ. ಗೊತ್ತಾಗುವುದು ಆ ನಾಲ್ಕು ಜನರ ಮನೆಯಲ್ಲಿ ಮಾತ್ರ. ನಿಮ್ಮ ಹೆಸರನ್ನೋ ನಿಮ್ಮ ಊರಿನ ಹೆಸರನ್ನೋ ಹಾಕಿಸಿದರೂ ಕೆಲಸ ಅಷ್ಟೇ ಚೆನ್ನಾಗಿ ನಡೆಯುತ್ತೆ. ಒಂದೇ ನೋಡಿಕೊಳ್ಳಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಬಿ.ಇ. ಮಾರ್ಕ್ಸ್ ಕಾರ್ಡ್‌ನಲ್ಲಿರುವ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಎರಡೂ ಹೆಸರು ಒಬ್ಬಳದ್ದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಒಂದು ಪ್ರತಿ ಮಗಳ ಕೈಯಲ್ಲಿ, ಒಂದು ನಿಮ್ಮ ಹತ್ತಿರ ಇರಲಿ.